ಪುಟಾಂಕನವೂ ಪತ್ರಾಂಕನವೂ ಒಂದೇ ಏನು?

ಪ್ರಶ್ನೆ: ಪುಸ್ತಕದ ಪುಟಗಳಿಗೆ ಸಂಖ್ಯೆ ಹಾಕುವುದನ್ನು ‘ಪುಟಾಂಕನ’ ಎನ್ನುತ್ತಾರೆ. ಇದಕ್ಕೆ ಸಮಾನಾರ್ಥಕ ಪದಗಳು ಯಾವುವು? ಹಸ್ತಪ್ರತಿಗಳ ಕುರಿತು ಬರೆಯುವಾಗಲೂ ಅವನ್ನೇ ಬಳಸಬಹುದೇ?

ಉತ್ತರ: ಅಚ್ಚಾದ ಪುಸ್ತಕದ ಮಟ್ಟಿಗೆ ಪುಟಾಂಕನ, ಪುಟಸಂಖ್ಯೆ ನೀಡುವಿಕೆ, ಪೇಜಿನೇಷನ್ ಇವುಗಳಲ್ಲಿ ಯಾವುದನ್ನು ಬರೆದರೂ ಅರ್ಥ ಕೆಡುವುದಿಲ್ಲ. ಕೆಲವರು ‘ಪುಟಗಣನೆ’ ಎಂದೂ ಬರೆಯುವುದುಂಟು. ಆದರೆ ಎಣಿಸುವುದು ಬೇರೆ, ಅಂಕಿ ಹಾಕುವುದು ಬೇರೆಯಾದ್ದರಿಂದ ನನಗೆ ಆ ಪದ ಅಷ್ಟಾಗಿ ಒಪ್ಪಿಗೆಯಾಗದು. ಪುಟಾಂಕನವೆಂದರೆ ಕ್ರಿಯೆ, ಪುಟಾಂಕ ಅಥವಾ ಪುಟಸಂಖ್ಯೆ ಎಂದರೆ ಪುಟದ ಮೇಲೆ ಕಾಣುವ ಅಂಕಿ.

ತೊಡಕು ಶುರುವಾಗುವುದು ಹಸ್ತಪ್ರತಿಗಳಲ್ಲಿ. ಪುಟವೆಂದರೆ ಹಾಳೆಯ ಒಂದು ಮೈ. ಒಂದು ಹಾಳೆಗೆ ಎರಡು ಪುಟ. ಹಳೆಯ ಲಿಪಿಕಾರರು ಸಂಖ್ಯೆ ಕೊಡುತ್ತಿದ್ದುದು ಸಾಮಾನ್ಯವಾಗಿ ಮೈಗಲ್ಲ, ಇಡೀ ಹಾಳೆಗೆ. ಓಲೆಗರಿಯ ಕಟ್ಟನ್ನು ಬಿಚ್ಚಿ ನೋಡಿದರೆ ಗರಿಯ ಎಡ ಅಂಚಿನಲ್ಲಿ, ಬರಹದ ಸಾಲುಗಳಿಂದ ಹೊರಗೆ, ಒಂದೇ ಒಂದು ಅಂಕಿ ಇರುತ್ತದೆ. ಎರಡು ಮೈಗೂ ಅದೇ ಲೆಕ್ಕ. ದಾರ ಕಡಿದು ಗರಿಗಳು ಚೆದುರಿದಾಗ ಅವನ್ನು ಮತ್ತೆ ಜೋಡಿಸಲು ಅಷ್ಟು ಸಾಕಾಗುತ್ತಿತ್ತು. ಇದನ್ನು ಪತ್ರಾಂಕನ, ಹಾಳೆಸಂಖ್ಯೆ, ಗರಿಸಂಖ್ಯೆ ಅಥವಾ ಫೋಲಿಯೇಷನ್ ಎನ್ನಬೇಕೇ ಹೊರತು ಪುಟಾಂಕನ ಎನ್ನಲಾಗದು. ಅಚ್ಚಿನ ಮೊದಲ ದಿನಗಳಲ್ಲಿಯೂ ಇದೇ ರೂಢಿ ಮುಂದುವರಿಯಿತು: ಕಲೋನ್ ನಗರದಲ್ಲಿ ಆರ್ನಾಲ್ಡ್ ಥೆರ್‌ಹೋರ್ನೆನ್ 1470ರಲ್ಲಿ ಮುದ್ರಿಸಿದ ಕಿರುಹೊತ್ತಗೆಯಲ್ಲಿ ಅಂಕಿಗಳಿರುವುದು ಹಾಳೆಗಳ ಮುಂಬದಿಯಲ್ಲಿ ಮಾತ್ರ.

ಎರಡನ್ನೂ ಒಂದೇ ಎಂದು ಭಾವಿಸಿದರೆ ಉಲ್ಲೇಖ ತಪ್ಪುತ್ತದೆ. ಮೊದಲ ಹಾಳೆಯ ಮುಂಬದಿಯಿಂದಲೇ ಎಣಿಕೆ ಶುರುವಾಗಿದೆ ಎಂದುಕೊಳ್ಳಿ. ಆಗ 45ನೆಯ ಹಾಳೆಯ ಮುಂಬದಿ ಎಂದರೆ 89ನೆಯ ಪುಟ, ಹಿಂಬದಿ ಎಂದರೆ 90ನೆಯ ಪುಟ. ‘ಪುಟ 45’ ಎಂದು ಬರೆದುಬಿಟ್ಟರೆ ಹುಡುಕುವವನು 23ನೆಯ ಹಾಳೆಯ ಮುಂದೆ ಕೂರುತ್ತಾನೆ. ಆದ್ದರಿಂದಲೇ ಹಸ್ತಪ್ರತಿಯಿಂದ ಉದ್ಧರಿಸುವವರು ಹಾಳೆಸಂಖ್ಯೆಯ ಜತೆಗೆ ಮುಂಬದಿಯೋ ಹಿಂಬದಿಯೋ ಎಂಬುದನ್ನು ಹೇಳುತ್ತಾರೆ. ರೆಕ್ಟೊ, ವರ್ಸೊ ಎಂಬ ಲ್ಯಾಟಿನ್ ಪದಗಳು ಸೂಚಿಸುವುದೂ ಇದನ್ನೇ.

‘ಫೋಲಿಯೊ’ ಎಂಬ ಪದದ ಬಗ್ಗೆ ಮಾತ್ರ ತುಸು ಎಚ್ಚರ ಬೇಕು. ಹಸ್ತಪ್ರತಿ ತಜ್ಞರಿಗೆ ಅದು ಹಾಳೆ. ಪುಟವಿನ್ಯಾಸ ಮಾಡುವವರಿಗೆ ಪುಟದ ಮೇಲೋ ಕೆಳಗೋ ಅಚ್ಚಾಗುವ ಅಂಕಿ. ಗ್ರಂಥಸೂಚಿ ಸಿದ್ಧಪಡಿಸುವವರಿಗೆ, ಮುದ್ರಣದ ಹಾಳೆಯನ್ನು ಒಮ್ಮೆ ಮಾತ್ರ ಮಡಿಸಿ ಮಾಡಿದ ದೊಡ್ಡ ಆಕಾರದ ಪುಸ್ತಕ. ಫಾರಂಗಳನ್ನು, ಅಂದರೆ ಒಟ್ಟಿಗೆ ಮುದ್ರಿಸಿ ಮಡಿಸಿದ ಪುಟಗಳ ಕಂತೆಗಳನ್ನು, ಅನುಕ್ರಮವಾಗಿ ಹೊಲಿಯಲೆಂದು ಅವುಗಳ ಮೊದಲ ಪುಟದ ಅಡಿಯಲ್ಲಿ ಹಾಕುವ ಅಕ್ಷರ ಅಥವಾ ಅಂಕಿಯನ್ನೂ ಕೆಲವರು ಪುಟಾಂಕವೆಂದು ತಿಳಿಯುತ್ತಾರೆ. ಅದು ಓದುಗನಿಗಾಗಿ ಹಾಕಿದ್ದಲ್ಲ, ಪುಸ್ತಕ ಕಟ್ಟುವವನಿಗಾಗಿ ಹಾಕಿದ್ದು.

ಒಂದೇ ಹಸ್ತಪ್ರತಿಯಲ್ಲಿ ಲಿಪಿಕಾರನ ಶಾಯಿಯ ಅಂಕಿಯೂ ಮುಂದೆಂದೋ ಗ್ರಂಥಾಲಯದವರು ಪೆನ್ಸಿಲಿನಲ್ಲಿ ಹಾಕಿದ ಅಂಕಿಯೂ ಇದ್ದು, ನಡುವೆ ಹಾಳೆಗಳು ಕಳೆದುಹೋಗಿರುವುದರಿಂದ ಅವೆರಡೂ ತಾಳೆಯಾಗದಿರುವುದು ಅಪರೂಪವೇನಲ್ಲ. ಆಗ ಯಾವ ಪತ್ರಾಂಕನವನ್ನು ಅನುಸರಿಸಲಾಗಿದೆ ಎಂಬುದನ್ನು ಮೊದಲ ಉಲ್ಲೇಖದಲ್ಲೇ ತಿಳಿಸಬೇಕು.