ಎಸ್‌ಟಿಎಸ್: ಆ ಕೊನೆಯ ‘ಎಸ್’ ಯಾವುದು?

ಕಳೆದ ವಾರ ಒಂದು ವಿಚಾರ ಸಂಕಿರಣದ ಆಹ್ವಾನ ಪತ್ರಿಕೆ ಬಂತು. ದೊಡ್ಡ ಅಕ್ಷರದಲ್ಲಿ ‘ಎಸ್‌ಟಿಎಸ್’ ಎಂದಿತ್ತು. ಅದರ ಕೆಳಗೆ ‘ಸಮಾಜದ ಮೇಲೆ ತಂತ್ರಜ್ಞಾನದ ಪರಿಣಾಮಗಳು’ ಎಂಬ ವಿವರಣೆ. ಈ ವರ್ಷ ಇಂಥದ್ದು ನನ್ನ ಕಣ್ಣಿಗೆ ಬೀಳುತ್ತಿರುವುದು ಮೂರನೇ ಸಲ. ಮೊಬೈಲಿನಿಂದ ಮಕ್ಕಳು ಹಾಳಾದರು, ಇಂಟರ್‌ನೆಟ್ಟಿನಿಂದ ರೈತರಿಗೆ ಅನುಕೂಲವಾಯಿತು ಎನ್ನುವ ಹೈಸ್ಕೂಲ್ ಪ್ರಬಂಧಕ್ಕೆ ಸುಮ್ನೆ ಒಂದು ಹೊಸ ಹೆಸರು ಅಂಟಿಸಿದರೆ ಅದು ಎಸ್‌ಟಿಎಸ್ ಆಗುವುದಿಲ್ಲ. ವಿಜ್ಞಾನ, ತಂತ್ರಜ್ಞಾನ, ಸಮಾಜ ಇವುಗಳ ನಂಟನ್ನು ಅಧ್ಯಯನ ಮಾಡುವ ಈ ವಿದ್ಯೆ ಬೆಳೆದದ್ದೇ ಆ ‘ಮೇಲೆ’ ಎಂಬ ಪದದ ಜೊತೆ ಜಗಳ ಆಡಿ.

ಮೊದಲ ಎರಡು ಅಕ್ಷರಗಳಲ್ಲಿ ತಕರಾರಿಲ್ಲ. ಸೈನ್ಸ್, ಟೆಕ್ನಾಲಜಿ. ಕೊನೆಯ ‘ಎಸ್’ ಮಾತ್ರ ಎರಡು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ, ಎಂಐಟಿಯಲ್ಲಿ 1976ರಲ್ಲಿ ಶುರುವಾದ ವಿಭಾಗಗಳಿಗೆ ಅದು ‘ಸೊಸೈಟಿ’. ಅಣುಬಾಂಬು, ಕೀಟನಾಶಕ, ವಿಯೆಟ್ನಾಂ ಯುದ್ಧ ನೋಡಿ ಕಂಗಾಲಾದ ಕಾಲ ಅದು. ನಾವು ಮಾಡುತ್ತಿರುವ ಕೆಲಸ ಯಾರಿಗಾಗಿ ಎಂದು ವಿಜ್ಞಾನಿಗಳು, ಎಂಜಿನಿಯರುಗಳು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಇನ್ನೊಂದು ‘ಎಸ್’ ಎಂದರೆ ‘ಸ್ಟಡೀಸ್’, ಅಧ್ಯಯನ. ಎಡಿನ್‌ಬರೋದಲ್ಲಿ 1966ರಲ್ಲಿ ಹುಟ್ಟಿದ ವಿಜ್ಞಾನ ಅಧ್ಯಯನ ಘಟಕ ಈ ದಾರಿಯದು. ಇವರು ಕೇಳಿದ್ದು ಬೇರೆ ಪ್ರಶ್ನೆ. ವಿಜ್ಞಾನ ಹೊರಗೆ ಏನು ಮಾಡುತ್ತದೆ ಅನ್ನುವುದಿರಲಿ, ಒಳಗೆ ಅದು ಹೇಗೆ ತಯಾರಾಗುತ್ತದೆ? ಪ್ರಯೋಗಶಾಲೆಯಲ್ಲಿ ಒಂದು ವಿಷಯ ‘ಸತ್ಯ’ ಎಂದು ತೀರ್ಮಾನವಾಗುವಾಗ ಅಲ್ಲಿ ಯಾರು ಯಾರು ಇರುತ್ತಾರೆ, ಏನೇನು ನಡೆಯುತ್ತದೆ?

ಈ ಎರಡನೇ ಗುಂಪು ಚದುರಿ ಹೋಗಿತ್ತು. ಅವರನ್ನು ಒಂದೆಡೆ ಸೇರಿಸಿದ ಜಾಲದ ಕಥೆ ನನಗೆ ಇಷ್ಟ, ಯಾಕೆಂದರೆ ಅದು ತೀರಾ ಚಿಕ್ಕದಾಗಿ ಶುರುವಾಯಿತು. 1970ರ ಸುಮಾರಿಗೆ ಪ್ಯಾರಿಸ್ಸಿನ ಜೆರಾರ್ ಲಮೇನ್ ಮತ್ತು ಇಂಗ್ಲೆಂಡಿನ ಸಸೆಕ್ಸ್‌ನಲ್ಲಿದ್ದ ರಾಯ್ ಮ್ಯಾಕ್ಲಾಡ್ ಸೇರಿ ಒಂದು ಬಳಗ ಕಟ್ಟಿದರು. ಹೆಸರು ‘ಪಾರೆಕ್ಸ್’. ಪ್ಯಾರಿಸ್ಸಿನ ತಲೆ, ಸಸೆಕ್ಸಿನ ಬಾಲ, ಅಷ್ಟೇ! 1981ರಲ್ಲಿ ಈ ಬಳಗವೇ ಬೆಳೆದು ‘ಈಸ್ಟ್’ ಎಂಬ ಯುರೋಪಿನ ಸಂಘವಾಯಿತು. ಅತ್ತ ಅಮೆರಿಕದಲ್ಲಿ 1975ರಲ್ಲಿ ‘ಫೋರ್‌ಎಸ್’ ಎಂಬ ಸಂಘ ಹುಟ್ಟಿತ್ತು. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಅದರ ಮೊದಲ ಅಧ್ಯಕ್ಷ. ಮರುವರ್ಷ ಕಾರ್ನೆಲ್‌ನಲ್ಲಿ ಮೊದಲ ಸಭೆ ನಡೆಯಿತು. ಎರಡೂ ಸಂಘಗಳು 1984ರಲ್ಲಿ ಬೆಲ್ಜಿಯಂನ ಘೆಂಟ್ ಊರಿನಲ್ಲಿ ಜಂಟಿಯಾಗಿ ಕೂಡಿದವು. ಆವತ್ತಿನಿಂದ ನಾಲ್ಕು ವರ್ಷಕ್ಕೊಮ್ಮೆ ಕೂಡುವುದು ರೂಢಿಯಾಗಿದೆ. 2020ರಲ್ಲಿ ಪ್ರಾಗ್‌ನಲ್ಲಿ ಆಗಬೇಕಿದ್ದದ್ದು ಕೊರೊನಾದಿಂದಾಗಿ ಆನ್‌ಲೈನ್ ಆಯಿತು. 2024ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದರು.

ಹೆಸರುಗಳನ್ನು ಒಮ್ಮೆ ಬಿಡಿಸಿ ನೋಡಿ. ಫೋರ್‌ಎಸ್ ಎಂದರೆ ‘ಸೊಸೈಟಿ ಫಾರ್ ಸೋಷಿಯಲ್ ಸ್ಟಡೀಸ್ ಆಫ್ ಸೈನ್ಸ್’. ಅಲ್ಲಿ ‘ಟಿ’ ಇಲ್ಲವೇ ಇಲ್ಲ! ಇವತ್ತಿಗೂ ಇಲ್ಲ. ಆರು ವರ್ಷದ ನಂತರ ಹುಟ್ಟಿದ ಈಸ್ಟ್ ಎಂದರೆ ‘ಯುರೋಪಿಯನ್ ಅಸೋಸಿಯೇಷನ್ ಫಾರ್ ದ ಸ್ಟಡಿ ಆಫ್ ಸೈನ್ಸ್ ಅಂಡ್ ಟೆಕ್ನಾಲಜಿ’. ಅಲ್ಲಿ ಸೈನ್ಸ್ ಪಕ್ಕದಲ್ಲೇ ಟೆಕ್ನಾಲಜಿ ಬಂದು ಕೂತಿದೆ. ಅಂದರೆ ತಂತ್ರಜ್ಞಾನ ಈ ಮನೆಗೆ ಸ್ವಲ್ಪ ತಡವಾಗಿ ಬಂದ ನೆಂಟ. ಆದರೆ ಬಂದ ಮೇಲೆ ನಡುಮನೆಯನ್ನೇ ಹಿಡಿಯಿತು.

ಅದನ್ನು ಒಳಗೆ ಕರೆತಂದವರಲ್ಲಿ ಮುಖ್ಯರು ಇಬ್ಬರು. ಟ್ರೆವರ್ ಪಿಂಚ್, ಸೂರ್ಯನಿಂದ ಬರುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳ ಬಗ್ಗೆ ವಿಜ್ಞಾನಿಗಳು ನಡೆಸಿದ ವಾದವನ್ನು ಹತ್ತಿರದಿಂದ ಅಧ್ಯಯನ ಮಾಡಿದ ಬ್ರಿಟಿಷ್ ಸಮಾಜಶಾಸ್ತ್ರಜ್ಞ. ವೀಬೆ ಬೈಕರ್, ಡೆಲ್ಫ್ಟ್‌ನಲ್ಲಿ ಎಂಜಿನಿಯರಿಂಗ್ ಓದಿದ ಡಚ್ಚರು. 1984ರಲ್ಲಿ ಇಬ್ಬರೂ ಸೇರಿ ಒಂದು ಲೇಖನ ಬರೆದರು. ಅದೇ ವರ್ಷ ಅಮೆರಿಕದ ಇತಿಹಾಸಕಾರ ಥಾಮಸ್ ಹ್ಯೂಸ್ ಜೊತೆಗೂಡಿ ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಒಂದು ಕಾರ್ಯಾಗಾರ ನಡೆಸಿದರು. ಅಲ್ಲಿಯ ಪ್ರಬಂಧಗಳು 1987ರಲ್ಲಿ ಪುಸ್ತಕವಾದವು.

ಲೇಖನದ ನಾಯಕ ಯಾರು ಗೊತ್ತಾ? ಸೈಕಲ್. ಮುಂದೆ ಆಳೆತ್ತರದ ಗಾಲಿ, ಹಿಂದೆ ಪುಟ್ಟ ಗಾಲಿ ಇರುವ ಹಳೇ ಸೈಕಲ್ಲಿನ ಚಿತ್ರ ನೀವು ನೋಡಿರುತ್ತೀರಿ. ಅದು ಕೆಟ್ಟ ಡಿಸೈನ್, ಆಮೇಲೆ ಒಳ್ಳೆಯದು ಬಂತು ಎಂದು ನಾವು ಅಂದುಕೊಳ್ಳುತ್ತೇವೆ. ಪಿಂಚ್ ಮತ್ತು ಬೈಕರ್ ಹೇಳುವುದೇ ಬೇರೆ. ಗಟ್ಟಿಮುಟ್ಟಾದ ಯುವಕರಿಗೆ ಅದು ಗಂಡಸುತನ ತೋರಿಸುವ ಯಂತ್ರ. ಬಿದ್ದರೆ ಮೂಳೆ ಮುರಿಯುತ್ತೆ ಅನ್ನುವುದೇ ಅದರ ಆಕರ್ಷಣೆ. ಉದ್ದ ಲಂಗದ ಹೆಂಗಸರಿಗೆ, ವಯಸ್ಸಾದವರಿಗೆ ಅದೇ ಸೈಕಲ್ ಹತ್ತಲಾಗದ, ಅಪಾಯದ ಯಂತ್ರ. ನಿಂತಿದ್ದದ್ದು ಒಂದೇ ಸೈಕಲ್, ನೋಡುವವರಿಗೆ ಎರಡು. ಗಾಳಿ ತುಂಬಿದ ಟೈರನ್ನು 1888ರಲ್ಲಿ ಡನ್‌ಲಪ್ ತಂದದ್ದು ಕುಲುಕಾಟ ಕಡಿಮೆ ಮಾಡಲು. ರೇಸಿನವರು ನಕ್ಕರು, ಕುಲುಕಾಟ ಅವರಿಗೆ ಸಮಸ್ಯೆಯೇ ಆಗಿರಲಿಲ್ಲ. ಮರುವರ್ಷ ಆ ಟೈರು ಹಾಕಿದ ಸೈಕಲ್ಲುಗಳು ರೇಸ್ ಗೆದ್ದವು. ನಗು ನಿಂತಿತು. ಟೈರಿನ ಅರ್ಥವೇ ಬದಲಾಯಿತು: ಕುಲುಕಾಟಕ್ಕೆ ಮದ್ದಾಗಿದ್ದದ್ದು ವೇಗಕ್ಕೆ ದಾರಿಯಾಯಿತು. ಈಗ ನಾವು ಓಡಿಸುವ ಸೈಕಲ್ಲಿನ ಆಕಾರದಲ್ಲಿ ಆ ಹೆಂಗಸರೂ ಇದ್ದಾರೆ, ಆ ರೇಸಿನವರೂ ಇದ್ದಾರೆ. ಸಮಾಜ ಸೈಕಲ್ಲಿನ ಕೆಳಗೆ ಬಿದ್ದಿಲ್ಲ, ಅದರ ಒಳಗೇ ಕೂತಿದೆ. ಹಾಗಿದ್ದ ಮೇಲೆ ಯಾವುದರ ‘ಮೇಲೆ’ ಯಾವುದರ ಪರಿಣಾಮ?

ಇದಕ್ಕೆ ಅವರು ಇಟ್ಟ ಹೆಸರು ತಂತ್ರಜ್ಞಾನದ ಸಾಮಾಜಿಕ ನಿರ್ಮಾಣ. ಇಲ್ಲಿ ಇನ್ನೊಂದು ಎಡವಟ್ಟು. ‘ನಿರ್ಮಾಣ’ ಎಂದ ಕೂಡಲೇ ‘ಹಾಗಾದರೆ ಅದು ನಿಜ ಅಲ್ಲ, ಬರೀ ಕಲ್ಪನೆ’ ಎಂದು ತಿಳಿಯುವವರು ಜಾಸ್ತಿ. ಕಟ್ಟಿದ್ದು ಸುಳ್ಳಾಗುತ್ತದೆಯೇ? ಕೆಆರ್‌ಎಸ್ ಅಣೆಕಟ್ಟನ್ನು ಕಟ್ಟಿದ್ದಾರೆ. ನೀರು ನಿಂತಿಲ್ಲವೇ? ‘ಸಾಮಾಜಿಕ’ ಎಂಬ ಪದದ ಬಗ್ಗೆ ಈ ಬಳಗದೊಳಗೇ ಚರ್ಚೆ ನಡೆದಿದೆ. ಬ್ರೂನೊ ಲಾಟೂರ್ ಮತ್ತು ಸ್ಟೀವ್ ವುಲ್ಗರ್ 1979ರ ತಮ್ಮ ಪುಸ್ತಕದ ಉಪಶೀರ್ಷಿಕೆಯಲ್ಲಿ ‘ವೈಜ್ಞಾನಿಕ ಸತ್ಯಗಳ ಸಾಮಾಜಿಕ ನಿರ್ಮಾಣ’ ಎಂದಿದ್ದರು. 1986ರ ಮರುಮುದ್ರಣದಲ್ಲಿ ‘ಸಾಮಾಜಿಕ’ವನ್ನು ತೆಗೆದುಹಾಕಿದರು. ಎಲ್ಲವೂ ಸಾಮಾಜಿಕವೇ ಆದರೆ ಆ ಪದ ಬೇರೆ ಯಾಕೆ ಬೇಕು ಅಂತ.

ಟೆಕ್ನಾಲಜಿ ಪದದ ಹುಟ್ಟನ್ನೂ ನೋಡಿ. ಗ್ರೀಕಿನ ‘ಟೆಕ್ನೆ’ ಎಂದರೆ ಕಸುಬು, ಕೈಚಳಕ. ಬಡಗಿ ಎಂಬ ಅರ್ಥದ ನಮ್ಮ ‘ತಕ್ಷಕ’ ಇದರ ದೂರದ ದಾಯಾದಿ. 1777ರಲ್ಲಿ ಜರ್ಮನಿಯ ಯೋಹಾನ್ ಬೆಕ್‌ಮನ್ ಈ ಪದ ಬಳಸಿದಾಗ ಅದು ಕಸುಬುಗಳನ್ನು ಅಧ್ಯಯನ ಮಾಡುವ ಶಾಸ್ತ್ರವಾಗಿತ್ತು. ಯಂತ್ರವನ್ನೇ ಟೆಕ್ನಾಲಜಿ ಎನ್ನುವ ರೂಢಿ ಆಮೇಲಿನದು. ಕನ್ನಡದ ‘ತಂತ್ರಜ್ಞಾನ’ ನನಗೆ ಇನ್ನೂ ಹೆಚ್ಚು ಇಷ್ಟ. ಸಂಸ್ಕೃತದ ‘ತಂತ್ರ’ ಮೊದಲಿಗೆ ಮಗ್ಗದ ಪದ. ಎಳೆದು ಕಟ್ಟಿದ ನೂಲು, ಹಾಸು. ‘ತಂತು’ ಬಂದದ್ದೂ ಅದೇ ಧಾತುವಿನಿಂದ. ಹಾಸು ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ. ಹ್ಯೂಸ್ ತಂತ್ರಜ್ಞಾನ ಮತ್ತು ಸಮಾಜವನ್ನು ಹೊಲಿಗೆ ಕಾಣದ ನೇಯ್ಗೆಗೆ ಹೋಲಿಸಿದರು. ಅದಕ್ಕೆ ನಮ್ಮಲ್ಲಿ ದಿನಾ ಬಳಸುವ ಪದ ಇದೆ, ಅಲ್ವಾ? ಹಾಸುಹೊಕ್ಕು. ಇಷ್ಟು ಒಳ್ಳೆಯ ಪದ ಕೈಯಲ್ಲಿ ಇಟ್ಟುಕೊಂಡು ‘ಮೇಲೆ ಪರಿಣಾಮ’ ಎಂದು ಬರೆಯುವುದು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

‘ಸೊಸೈಟಿ’ ಎನ್ನುವ ‘ಎಸ್’ನವರ ಕಾಳಜಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಬೈಕರ್ ಕೂಡ ಬಂದದ್ದು ಅದೇ ಚಳವಳಿಯಿಂದ. ಪಾಂಡಿತ್ಯದ ಈ ದಾರಿಯನ್ನು ಅವರು ಬಳಸುದಾರಿ ಎಂದೇ ಕರೆದಿದ್ದಾರೆ. ಗುರಿ ಹೋರಾಟವೇ, ಆದರೆ ಯಂತ್ರ ಹೇಗೆ ಹೀಗಾಯಿತು ಎಂದು ಗೊತ್ತಿಲ್ಲದೆ ಅದನ್ನು ಬದಲಿಸಿ ಎಂದು ಕೇಳುವುದು ಹೇಗೆ?

ನಮ್ಮೂರಿನದೇ ಉದಾಹರಣೆ ಬೇಕಿದ್ದರೆ ಅಸ್ತ್ರ ಒಲೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸಲು ಶುರುವಾದ ‘ಅಸ್ತ್ರ’ ವಿಭಾಗ ರೂಪಿಸಿದ ಒಲೆ ಅದು. ಕಡಿಮೆ ಸೌದೆ, ಹೊಗೆ ಹೊರಗೆ ಹೋಗಲು ಕೊಳವೆ. ‘ಹಳ್ಳಿಯ ಮೇಲೆ ಅಸ್ತ್ರ ಒಲೆಯ ಪರಿಣಾಮ’ ಎಂದು ಬರೆದರೆ ಎರಡು ಪುಟದಲ್ಲಿ ಮುಗಿಯುತ್ತದೆ. ಎಸ್‌ಟಿಎಸ್‌ನವರು ಅಡುಗೆಮನೆಗೇ ಹೋಗಿ ಕೂರುತ್ತಾರೆ. ಕೋಲು ಹಾಕಿ ಮುದ್ದೆ ತಿರುವುವಾಗ ಪಾತ್ರೆ ಅಲ್ಲಾಡದೆ ನಿಲ್ಲುತ್ತದಾ? ಸೌದೆಯನ್ನು ಸಣ್ಣಗೆ ಸೀಳಿ ಕೊಡುವುದು ಯಾರು? ಕೊಳವೆಯಲ್ಲಿ ಮಸಿ ಕಟ್ಟಿದರೆ ಸೂರು ಹತ್ತುವುದು ಯಾರು? ಒಲೆಯ ಅಳತೆ ತೀರ್ಮಾನ ಮಾಡುವಾಗ ದಿನಾ ಅದರ ಮುಂದೆ ಕೂರುವ ಹೆಂಗಸನ್ನು ಕೇಳಿದ್ದರಾ?