ನಿಲ್ಲುವ ಎತ್ತು, ಉರುಳುವ ಬಂಡಿ

ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ‘ನಮ್ಮ ಹೊಲ’ ಎಂಬ ವಿಷಯದ ಮೇಲೆ ಕರಕುಶಲ ಮಾಡಿಸಿ ಎಂದರೆ ಅನೇಕ ಕಡೆ ಸಿಗುವುದು ಮುದ್ರಿತ ಟ್ರ್ಯಾಕ್ಟರಿಗೆ ತುಂಬಿದ ಬಣ್ಣ, ಹತ್ತಿ ಅಂಟಿಸಿದ ಕುರಿ, ನಮ್ಮಲ್ಲಿ ಯಾರೂ ಕಟ್ಟದ ಕೆಂಪು ಮರದ ಕೊಟ್ಟಿಗೆ. ಪ್ರಾಥಮಿಕ ಶಿಕ್ಷಕರಿಗೆ ಕರಕುಶಲ ತರಬೇತಿ ಕೊಡುವ ನಾನು ಕೇಳುವುದು ಬೇರೆ. ಮಗು ಮಾಡಿದ ಎತ್ತು ತನ್ನ ಕಾಲ ಮೇಲೆ ನಿಲ್ಲಬೇಕು, ಬಂಡಿ ಉರುಳಬೇಕು. ಚೆಂದ ಆಮೇಲೆ ಬರಲಿ.

ಎತ್ತಿನಿಂದಲೇ ಶುರು ಮಾಡಿ. ಶಾಲೆ ತೆರೆದ ಕೆಲವೇ ವಾರಗಳಿಗೆ, ಜ್ಯೇಷ್ಠ ಮಾಸದ ಕೊನೆಗೆ, ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಮಣ್ಣಿನ ಜೋಡೆತ್ತು, ಗ್ವಾದಲಿ (ಮೇವಿನ ತೊಟ್ಟಿ) ಮಾಡಿ ಪೂಜಿಸುತ್ತಾರೆ. ಮಣ್ಣಿನ ಹದ ಬಲ್ಲ ಅಜ್ಜ ಅಜ್ಜಿಯರು ಊರಿನಲ್ಲೇ ಇರುತ್ತಾರೆ, ಅವರನ್ನು ತರಗತಿಗೆ ಕರೆಯಿರಿ. ಎರೆಮಣ್ಣೊಂದನ್ನೇ ಬಳಸಿದರೆ ಒಣಗುವಾಗ ಕುಗ್ಗಿ ಬಿರಿಯುತ್ತದೆ. ಎರೆಹೊಲ ಬೇಸಿಗೆಯಲ್ಲಿ ಬಾಯಿ ಬಿಡುವುದೂ ಇದೇ ಕಾರಣಕ್ಕೆ. ಸಾಣಿಸಿದ ಉಸುಕು ಬೆರೆಸಿ ಒಂದು, ಬೆರೆಸದೆ ಒಂದು ಎತ್ತು ಮಾಡಿಸಿ ನೆರಳಲ್ಲಿ ಒಣಗಲು ಬಿಡಿ. ಕೆಲವು ದಿನಗಳಲ್ಲಿ ಮಕ್ಕಳೇ ವ್ಯತ್ಯಾಸ ಹೇಳುತ್ತಾರೆ.

ಆರು ವರ್ಷದ ಮಗು ಕಾಲು, ತಲೆ, ಕೊಂಬು ಬೇರೆ ಬೇರೆ ಮಾಡಿ ಅಂಟಿಸಲು ಹೋಗುತ್ತದೆ. ಒಣಗಿದಾಗ ಅವು ಕಳಚಿ ಬೀಳುತ್ತವೆ. ಒಂದೇ ಮುದ್ದೆಯಿಂದ ಕಾಲುಗಳನ್ನು ಎಳೆದು ತೆಗೆಯುವುದನ್ನು ತೋರಿಸಿ. ಕಾಲು ಗಿಡ್ಡ, ದಪ್ಪ ಇರಲಿ. ಎತ್ತು ಮುಗ್ಗರಿಸಿದರೆ ಕೈಹಾಕಿ ಸರಿಮಾಡಬೇಡಿ. “ಯಾಕ ಬಿತ್ತು ನಿನ್ನ ಎತ್ತು? ನೋಡಿ ಹೇಳು” ಎಂದು ಕೇಳಿ. ತಲೆ ಭಾರವಾಯಿತು ಎಂಬುದು ಮಗುವಿಗೆ ತಾನಾಗಿಯೇ ತಿಳಿಯುತ್ತದೆ. ಹಳ್ಳಿಯ ಮಕ್ಕಳು ಹಿಣಿಲು (ಎತ್ತಿನ ಬೆನ್ನ ಮೇಲಿನ ಡುಬ್ಬ) ಮರೆಯುವುದಿಲ್ಲ. ಕೊಂಬು ಹಿಂದಕ್ಕೆ ಬಾಗಿದ ಹಳ್ಳಿಕಾರ್, ಗಿಡ್ಡ ಮೈಯ ಮಲೆನಾಡು ಗಿಡ್ಡ ಎಂದು ತಮ್ಮ ಊರಿನ ತಳಿಯನ್ನೇ ಮಾಡುವವರಿದ್ದಾರೆ.

ಬಂಡಿಗೆ ಒಣಗಿದ ಜೋಳದ ದಂಟು ಸಾಕು. ಒಳಗಿನ ಬೆಂಡು ಮೆತ್ತಗೆ, ಮೇಲಿನ ಸಿಪ್ಪೆ ಗಟ್ಟಿ. ಬೆಂಡಿಗೆ ಸಿಪ್ಪೆಯ ಕಡ್ಡಿ ಚುಚ್ಚಿದರೆ ಅಂಟಾಗಲಿ ಮೊಳೆಯಾಗಲಿ ಬೇಡ. ಆದರೆ ಸಿಪ್ಪೆಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಸೀಳುವ ಕೆಲಸ ಶಿಕ್ಷಕರದೇ. ನೀರಲ್ಲಿ ನೆನೆಸಿದ ಸಿಪ್ಪೆ ಮುರಿಯದೆ ಬಾಗುತ್ತದೆ, ಗಾಲಿಗೆ ಅದೇ ಬಳೆ. ಒಂದನೇ ತರಗತಿಯವರು ಚೌಕಟ್ಟು, ಮೂಕಿ (ನೊಗ ಕಟ್ಟುವ ಮುಂದಿನ ಉದ್ದ ಮರ), ನೊಗ ಮಾಡಲಿ. ಗಾಲಿ ಮೂರನೆಯವರಿಗೆ ಬಿಡಿ. ಒಂದು ಗಾಲಿ ದೊಡ್ಡದಾದರೆ ಬಂಡಿ ಒಂದು ಕಡೆಗೆ ತಿರುಗುತ್ತದೆ, ಅಚ್ಚಿಗೆ ಬಿಗಿಯಾದರೆ ತಿರುಗುವುದೇ ಇಲ್ಲ, ಸಡಿಲಾದರೆ ಕಳಚುತ್ತದೆ. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿ ಯಾಕೆ ಬೇಕು ಎಂಬುದನ್ನು ಪಾಠ ಮಾಡಿ ಹೇಳುವ ಅಗತ್ಯವೇ ಬರುವುದಿಲ್ಲ. ನನ್ನ ಲೆಕ್ಕದಲ್ಲಿ ಇಡೀ ವರ್ಷದ ಅತ್ಯುತ್ತಮ ಚಟುವಟಿಕೆ ಇದು. ಎರಡು ಅವಧಿ ಹೆಚ್ಚು ಹಿಡಿದರೂ ಬಿಡಬೇಡಿ.

ಕಾಳಿನ ಚಿತ್ರ ಎಲ್ಲರಿಗೂ ಗೊತ್ತಿರುವುದೇ. ಅವರೆ, ಕಡಲೆ ಹಿಡಿಯಬಲ್ಲ ಬೆರಳಿಗೆ ರಾಗಿ ಸಿಗದು. ಅಂಟಿನ ಮೇಲೆ ಉದುರಿಸಿದರಾಯಿತು. ಉಣ್ಣುವ ಕಾಳನ್ನು ಅಂಟಿಸಲು ಮನಸ್ಸೊಪ್ಪದ ಶಿಕ್ಷಕರಿದ್ದಾರೆ, ಅವರ ಭಾವನೆಯನ್ನು ನಾನು ಗೌರವಿಸುತ್ತೇನೆ: ಹುಳು ಹಿಡಿದದ್ದು, ಜಳ್ಳು, ಹೊಟ್ಟು ತನ್ನಿ. ಆದರೆ ಎಚ್ಚರವಿರಲಿ. ಬಿತ್ತನೆಗೆಂದು ಪಾಕೀಟಿನಲ್ಲಿ ಬರುವ ಬಣ್ಣದ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ, ಅದನ್ನು ತರಗತಿಗೆ ತರಲೇಬೇಡಿ. ಗುಲಗಂಜಿ, ಔಡಲ (ಹರಳು) ಎರಡೂ ವಿಷ. ಕಾಳನ್ನು ಮೂಗಿಗೆ ತುರುಕಿಕೊಳ್ಳುವ ವಯಸ್ಸಿದು. ಒಳಗೆ ಸೇರಿದ ಕಾಳು ತೇವಕ್ಕೆ ಉಬ್ಬುತ್ತದೆ. ಪಿನ್ನು, ಕಡ್ಡಿ ಹಾಕಿ ಕೆದಕದೆ ನೇರ ವೈದ್ಯರ ಬಳಿ ಕರೆದೊಯ್ಯಿರಿ.

ಬೆಂಗಳೂರಿನ ಶಾಲೆಗಳಲ್ಲಿ ಕೇಳುವ ಪ್ರಶ್ನೆ, ದಂಟು ಎಲ್ಲಿಂದ ತರೋಣ ಎಂದು. ಚಳಿಗಾಲದಲ್ಲಿ ರಾಶಿಗಟ್ಟಲೆ ಬೀಳುವ ಅವರೆಕಾಯಿ ಸಿಪ್ಪೆ, ತೆಂಗಿನ ಗರಿ, ಸಂತೆಯಲ್ಲಿ ಉಳಿದ ಬಲಿತ ಬೆಂಡೆಕಾಯಿ ಸಾಲದೇ? ಬೆಂಡೆಯನ್ನು ಅಡ್ಡ ಕತ್ತರಿಸಿ ಬಣ್ಣದಲ್ಲಿ ಅದ್ದಿ ಒತ್ತಿದರೆ ಸಾಮಾನ್ಯವಾಗಿ ಐದು ಮೂಲೆಯ ನಕ್ಷತ್ರ ಮೂಡುತ್ತದೆ. ಒತ್ತುವ ಮುಂಚೆ ಒಳಗಿನ ಕೋಣೆಗಳನ್ನು ಎಣಿಸಲು ಹೇಳಿ.

ಪ್ರದರ್ಶನದ ಹಿಂದಿನ ದಿನ ಶಿಕ್ಷಕರು ಕುಳಿತು ಮಕ್ಕಳ ಕೆಲಸವನ್ನು ‘ನೀಟು’ ಮಾಡುವ ರೂಢಿ ದಯವಿಟ್ಟು ನಿಲ್ಲಲಿ. ವಾಲಿದ ಎತ್ತನ್ನು ವಾಲಿದಂತೆಯೇ ಇಡಿ. ಪಕ್ಕದ ಚೀಟಿಯಲ್ಲಿ ಹೆಸರಿನ ಜೊತೆ, ಅದನ್ನು ನಿಲ್ಲಿಸಲು ಏನೇನು ಮಾಡಿದೆ ಎಂಬುದನ್ನು ಮಗುವೇ ಹೇಳಲಿ, ನೀವು ಬರೆದುಕೊಡಿ.