ರಾಷ್ಟ್ರಪತಿ ಅಭ್ಯರ್ಥಿ ಯಾರು? ಕಾಂಗ್ರೆಸ್ಸನ್ನೇ ಒಡೆದ 1969ರ ಜಗಳ

ಪಕ್ಷದ ಅಧ್ಯಕ್ಷರು ಒಬ್ಬರನ್ನು ನಿಲ್ಲಿಸಿದರು. ಅದೇ ಪಕ್ಷದ ಪ್ರಧಾನಿ ಇನ್ನೊಬ್ಬರನ್ನು ಗೆಲ್ಲಿಸಿದರು. 1969ರ ರಾಷ್ಟ್ರಪತಿ ಚುನಾವಣೆಯ ಕಥೆ ಇಷ್ಟೇ. ಆದರೆ ಅದು ಅಲ್ಲಿಯವರೆಗೆ ಹೇಗೆ ಬಂತು ಅನ್ನುವುದೇ ಸ್ವಾರಸ್ಯ.

ಅಭ್ಯರ್ಥಿಯ ವಿಷಯದಲ್ಲಿ ಕಾಂಗ್ರೆಸ್ಸಿನಲ್ಲಿ ಮೊದಲೂ ಭಿನ್ನಾಭಿಪ್ರಾಯ ಇತ್ತು. 1950ರಲ್ಲಿ ನೆಹರೂಗೆ ರಾಜಾಜಿ ಬೇಕಿತ್ತು. ಪಕ್ಷದ ಬಹುತೇಕರು ರಾಜೇಂದ್ರ ಪ್ರಸಾದ್ ಅಂದರು, ನೆಹರೂ ಒಪ್ಪಿಕೊಂಡರು. 1957ರಲ್ಲೂ ಅವರ ಮನಸ್ಸಿನಲ್ಲಿದ್ದವರು ರಾಧಾಕೃಷ್ಣನ್, ಆದದ್ದು ಮತ್ತೆ ಪ್ರಸಾದ್. ಮನೆ ಜಗಳ ಬೀದಿಗೆ ಬರಲಿಲ್ಲ.

1967ರ ಹೊತ್ತಿಗೆ ಲೆಕ್ಕ ಬದಲಾಯಿತು. ಲೋಕಸಭೆಯಲ್ಲಿ ಕಾಂಗ್ರೆಸ್ 283ಕ್ಕೆ ಇಳಿಯಿತು. ‘ಸಿಂಡಿಕೇಟ್’ ಅಂತ ಕರೆಸಿಕೊಂಡಿದ್ದ ಹಿರಿಯರ ಗುಂಪಿನ ಕಾಮರಾಜ್, ಎಸ್.ಕೆ. ಪಾಟೀಲ್ ಇಬ್ಬರೂ ತಮ್ಮ ತಮ್ಮ ಕ್ಷೇತ್ರದಲ್ಲೇ ಸೋತರು. ಇಂದಿರಾ ಗಾಂಧಿ ಪಟ್ಟು ಹಿಡಿದು ಜಾಕಿರ್ ಹುಸೇನ್ ಅವರನ್ನು ರಾಷ್ಟ್ರಪತಿ ಮಾಡಿದರು. ಆದರೆ 1969ರ ಮೇ 3ರಂದು ಹುಸೇನ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು.

ರಾಷ್ಟ್ರಪತಿ ಹುದ್ದೆಗೆ ಇಷ್ಟೊಂದು ಜಗಳ ಯಾಕೆ? ಮಾಮೂಲಿ ದಿನಗಳಲ್ಲಿ ಅವರು ಸಹಿ ಹಾಕುತ್ತಾರೆ, ಅಷ್ಟೇ ಅಲ್ವಾ? ಬಹುಮತ ತೆಳುವಾದಾಗ ಹಾಗಲ್ಲ. ಸರ್ಕಾರ ಅಲುಗಾಡಿದರೆ ಮುಂದಿನ ಪ್ರಧಾನಿಯಾಗಲು ಯಾರನ್ನು ಕರೆಯಬೇಕು ಅಂತ ತೀರ್ಮಾನಿಸುವವರು ಅವರೇ. ಸಿಂಡಿಕೇಟ್ ತನ್ನ ಆಳನ್ನು ಅಲ್ಲಿ ಕೂರಿಸಿ ಪ್ರಧಾನಿಯನ್ನೇ ಇಳಿಸುತ್ತದೆ ಅನ್ನುವುದು ಇಂದಿರಾ ಪಾಳಯದ ಅನುಮಾನ. ಅದನ್ನು ಬರೀ ಭ್ರಮೆ ಅನ್ನಲಾಗದು.

ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಅಧಿವೇಶನ ಸೇರಿತು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಅಭ್ಯರ್ಥಿಯನ್ನು ಆರಿಸುವ ಪಕ್ಷದ ಸಂಸದೀಯ ಮಂಡಳಿಯಲ್ಲಿ ಇಂದಿರಾ ಮುಂದಿಟ್ಟ ಹೆಸರು ಜಗಜೀವನ್ ರಾಮ್, ಸಿಂಡಿಕೇಟ್‌ನದು ನೀಲಂ ಸಂಜೀವ ರೆಡ್ಡಿ. ಇಂದಿರಾ ನೆಚ್ಚಿಕೊಂಡಿದ್ದ ವೈ.ಬಿ. ಚವಾಣ್ ಕೂಡ ರೆಡ್ಡಿ ಕಡೆ ವಾಲಿದರು. ಪ್ರಧಾನಿಗೆ ತಮ್ಮದೇ ಪಕ್ಷದ ಮಂಡಳಿಯಲ್ಲಿ ಸೋಲಾಯಿತು.

ಆಮೇಲಿನ ಒಂದು ವಾರ ನೋಡಬೇಕು. ಜುಲೈ 16ರಂದು ಇಂದಿರಾ, ಮೊರಾರ್ಜಿ ದೇಸಾಯಿ ಕೈಯಿಂದ ಹಣಕಾಸು ಖಾತೆ ಕಿತ್ತುಕೊಂಡರು. ಮೊರಾರ್ಜಿ ರಾಜೀನಾಮೆ ಕೊಟ್ಟರು. 19ರಂದು 14 ಬ್ಯಾಂಕುಗಳು ಸುಗ್ರೀವಾಜ್ಞೆ ಮೂಲಕ ಸರ್ಕಾರದ ವಶಕ್ಕೆ ಬಂದವು. ಅದಕ್ಕೆ ಸಹಿ ಹಾಕಿದವರು ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿ. ಮರುದಿನವೇ ಅವರು ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ಕಣಕ್ಕಿಳಿದರು. ಹೊಸ ರಾಷ್ಟ್ರಪತಿ ಬರುವವರೆಗೆ ಆ ಜವಾಬ್ದಾರಿ ಸುಪ್ರೀಂ ಕೋರ್ಟ್ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಹೆಗಲಿಗೆ ಬಿತ್ತು. ಯಾರು ಅಭ್ಯರ್ಥಿ ಅನ್ನುವ ಒಳಜಗಳವನ್ನು ಬಡವರ ಪರ ಯಾರು ಅನ್ನುವ ಪ್ರಶ್ನೆಯಾಗಿ ತಿರುಗಿಸಿದ್ದು ಇಂದಿರಾ ಜಾಣತನ. ಸಿಂಡಿಕೇಟ್ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

ತಮಾಷೆ ಅಂದರೆ ರೆಡ್ಡಿ ಅವರ ನಾಮಪತ್ರಕ್ಕೆ ಇಂದಿರಾ ಅವರದ್ದೂ ಸಹಿ ಇತ್ತು! ಹಿಂದೆ ಸರಿಯಲು ಒಂದು ನೆಪ ಬೇಕಿತ್ತು. ಅದನ್ನು ಒದಗಿಸಿದವರು ನಿಜಲಿಂಗಪ್ಪನವರೇ. ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಅಭ್ಯರ್ಥಿ ಸಿ.ಡಿ. ದೇಶಮುಖ್. ಈ ಚುನಾವಣೆಯಲ್ಲಿ ಮತದಾರರು ಅಭ್ಯರ್ಥಿಗಳನ್ನು ಒಂದು, ಎರಡು ಅಂತ ಇಷ್ಟದ ಕ್ರಮದಲ್ಲಿ ಗುರುತಿಸುತ್ತಾರೆ. ದೇಶಮುಖ್ ಬೆಂಬಲಿಗರ ಎರಡನೇ ಪ್ರಾಶಸ್ತ್ಯದ ಮತ ರೆಡ್ಡಿಗೆ ಸಿಗಲಿ ಅಂತ ನಿಜಲಿಂಗಪ್ಪ ಆ ಪಕ್ಷಗಳ ನಾಯಕರ ಜತೆ ಮಾತಾಡಿದರು. ಬಲಪಂಥೀಯರ ಜತೆ ಕೈಜೋಡಿಸಿದ್ದಾರೆ ಎಂಬ ಕೂಗೆದ್ದಿತು. ಪಕ್ಷದ ಮಾತು ಬಿಟ್ಟು ಮನಸ್ಸು ಹೇಳಿದವರಿಗೆ ಹಾಕುವ ‘ಆತ್ಮಸಾಕ್ಷಿ ಮತ’ ಅನ್ನುವ ಮಾತು ಚಾಲ್ತಿಗೆ ಬಂತು. ಗುಪ್ತ ಮತದಾನ ಬೇರೆ. ಯಾರು ಯಾರಿಗೆ ಹಾಕಿದರು ಅಂತ ಪಕ್ಷಕ್ಕೆ ಗೊತ್ತಾಗುವ ಹಾಗೂ ಇರಲಿಲ್ಲ.

ಆಗಸ್ಟ್ 16ಕ್ಕೆ ಮತದಾನ, 20ಕ್ಕೆ ಎಣಿಕೆ. ಇಲ್ಲಿ ಮತ ಹಾಕುವವರು ಸಂಸದರು ಮತ್ತು ಶಾಸಕರು. ತಲೆ ಎಣಿಸುವುದಿಲ್ಲ, ಪ್ರತಿ ಮತಕ್ಕೂ ಒಂದು ಮೌಲ್ಯ ಇರುತ್ತದೆ. ಗೆಲ್ಲಲು ಬೇಕಿದ್ದದ್ದು 4,18,169. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ದೇಶಮುಖ್‌ಗೆ 1,12,769. ಯಾರಿಗೂ ಗುರಿ ಮುಟ್ಟಲಾಗಲಿಲ್ಲ. ಹಿಂದೆ ಬಿದ್ದವರ ಮತಪತ್ರಗಳಲ್ಲಿದ್ದ ಮುಂದಿನ ಪ್ರಾಶಸ್ತ್ಯಗಳನ್ನು ಸೇರಿಸಿದಾಗ ರೆಡ್ಡಿ ಒಂದೇ ನೆಗೆತಕ್ಕೆ 4,05,427ಕ್ಕೆ ಬಂದರು. ಅಂದರೆ ನಿಜಲಿಂಗಪ್ಪನವರ ಲೆಕ್ಕಾಚಾರ ಸುಳ್ಳಾಗಿರಲಿಲ್ಲ. ಕೈಕೊಟ್ಟಿದ್ದು ಸ್ವಂತ ಪಕ್ಷದ ಮತಗಳು. ಗಿರಿ 4,20,077 ತಲುಪಿ ಗೆದ್ದರು. ಇಷ್ಟು ಬಿಗಿಯಾದ ರಾಷ್ಟ್ರಪತಿ ಚುನಾವಣೆ ಮತ್ತೆ ನಡೆದಿಲ್ಲ.

ನವೆಂಬರ್ 12ರಂದು ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಲಾಯಿತು. ಕಾಂಗ್ರೆಸ್ ಎರಡು ಹೋಳಾಯಿತು. ನಿಜಲಿಂಗಪ್ಪ, ಮೊರಾರ್ಜಿ, ಕಾಮರಾಜ್ ಇದ್ದದ್ದು ಸಂಸ್ಥಾ ಕಾಂಗ್ರೆಸ್. ಇಂದಿರಾ ಕಡೆಯದು ಆಡಳಿತ ಕಾಂಗ್ರೆಸ್.

ನಮ್ಮ ರಾಜ್ಯದಲ್ಲಿ ಇದರ ಪೆಟ್ಟು ಜಾಸ್ತಿಯೇ ಬಿತ್ತು. ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪ ಜತೆ ಉಳಿದರು, ದೇವರಾಜ ಅರಸು ಇಂದಿರಾ ಕಡೆ ಹೋದರು. ಆಗ ಪಕ್ಷದ ಯಂತ್ರವೆಲ್ಲ ಹಿರಿಯರ ಕೈಯಲ್ಲಿತ್ತು, ಅರಸು ಹಿಂದೆ ಹೆಚ್ಚು ಜನ ಇರಲಿಲ್ಲ. 1971ರಲ್ಲಿ ರಾಜ್ಯದ 27 ಲೋಕಸಭಾ ಸ್ಥಾನಗಳೂ ಇಂದಿರಾ ಪಾಲಾದವು. ವೀರೇಂದ್ರ ಪಾಟೀಲರ ಸರ್ಕಾರ ಉಳಿಯಲಿಲ್ಲ. 1972ರಲ್ಲಿ ಅರಸು ಮುಖ್ಯಮಂತ್ರಿಯಾದರು.

ಸಂಜೀವ ರೆಡ್ಡಿಯವರಿಗೆ 1977ರವರೆಗೆ ಕಾಯಬೇಕಾಯಿತು. ಜನತಾ ಪಕ್ಷ ಅಧಿಕಾರಕ್ಕೆ ಬಂದಾಗ ಅವರು ಅವಿರೋಧವಾಗಿ ರಾಷ್ಟ್ರಪತಿಯಾದರು. 1980ರ ಜನವರಿಯಲ್ಲಿ ಇಂದಿರಾ ಮತ್ತೆ ಗೆದ್ದು ಬಂದಾಗ ಪ್ರಮಾಣವಚನ ಬೋಧಿಸಿದವರೂ ಅವರೇ.